ಶ್ರೀರಂಗಪಟ್ಟಣದಲ್ಲಿ ಅರ್ಧ ದಿನ ಇದ್ದರೆ ಹಳೇ ಬಾಗಿಲು, ಗೋಡೆಚಿತ್ರ ಹೇಗೆ ನೋಡೋದು?

ಮೊದಲು ಕೋಟೆ. ರಂಗನಾಥಸ್ವಾಮಿ ದೇವಸ್ಥಾನ ಮಧ್ಯಾಹ್ನ ಮುಚ್ಚುತ್ತದೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ. ಹಳೇ ಮನೆಗಳಲ್ಲಿ ಬಾಗಿಲಿನ ಕೆತ್ತನೆಗಿಂತ ಮೂಲೆ ನೋಡಿ: ಕಬ್ಬಿಣದ ಕೀಲು ಇಲ್ಲದೆ, ಬಾಗಿಲ ಹಲಗೆಯಿಂದಲೇ ಚಾಚಿದ ಮರದ ಗೂಟ ಹೊಸಿಲಿನ ಗುಳಿಯಲ್ಲಿ ಕೂತು ತಿರುಗುತ್ತಿದ್ದರೆ ಅದು ಹಳೇ ಕಟ್ಟು. ಗುಳಿ ಸವೆದಾಗ ಬಾಗಿಲು ಜೋತು ನೆಲ ಉಜ್ಜುತ್ತದೆ. ಆ ಗೀರು ಹೊಸಿಲ ಪಕ್ಕದಲ್ಲೇ ಕಾಣುತ್ತದೆ. ಫೋಟೊಗೆ ಮನೆಯವರನ್ನು ಕೇಳಿ.

ಆಮೇಲೆ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, 1784ರದು. ಬಿಸಿಲಿನಿಂದ ಬಣ್ಣ ಕಾಪಾಡಲು ಸುತ್ತ ಪರದೆ ಇಳಿಬಿಟ್ಟಿರುತ್ತಾರೆ, ಒಳಗೆ ಮಬ್ಬು. ಕಣ್ಣು ಹೊಂದಿಕೊಳ್ಳುವವರೆಗೆ ನಿಲ್ಲಿ. ಹೆಚ್ಚಿನವರು ಇಲ್ಲೇ ಅವಸರಪಟ್ಟು ಹೊರಟುಬಿಡುತ್ತಾರೆ. ಪಶ್ಚಿಮದ ಗೋಡೆಯಲ್ಲಿ ಮೈಸೂರು ಸೇನೆ ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ: ಪಲ್ಲಕ್ಕಿಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಲಿ, ನಡುವೆ ಸಿಡಿಯುತ್ತಿರುವ ಮದ್ದಿನ ಗಾಡಿ. ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಮತ್ತೆ ಬಣ್ಣ ಹಚ್ಚಿದ್ದಾರೆ, ಹಾಗಾಗಿ ಪ್ರತಿ ಗೆರೆಯೂ ಟಿಪ್ಪು ಕಾಲದ್ದೆಂದು ನಂಬಬೇಡಿ.