ಐಸ್ ಕರಗಿದ ಮೇಲೆ ಬಂದ ವರದಿ

ಔರಾದ ತಾಲೂಕಿನ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ತಿರುಳು ಇಷ್ಟು:

"ಜನವರಿಯಲ್ಲಿ ನಮ್ಮ ಕಡಲೆ ಹೊಲದ ಬದುವಿನಲ್ಲಿ ಒಂದು ಗಂಡು ಚಿಗರಿ (ಕೃಷ್ಣಮೃಗ) ಸತ್ತು ಬಿದ್ದಿತ್ತು. ಬಾಯಲ್ಲಿ ನೊರೆ, ಗಂಟಲು ಊದಿತ್ತು. ಅರಣ್ಯದವರು ಬಂದರು, ಡಾಕ್ಟರು ಬಂದರು, ಸ್ಯಾಂಪಲ್ ತೆಗೆದು ಕಳಿಸಿದರು. ಅದೇ ವಾರ ನಮ್ಮೂರ ಕುರಿಗಾಹಿಯ ಎಂಟು ಕುರಿ ಸತ್ತವು. ಒಂದೂವರೆ ತಿಂಗಳ ಮೇಲೆ ಚಿಗರಿಯ ವರದಿ ಬಂತು: ರೋಗಾಣು ಕಂಡುಬಂದಿಲ್ಲ. ಈಗ ಊರಲ್ಲಿ ಎರಡು ಪಾರ್ಟಿ. ವರದಿಯೇ ಸುಳ್ಳು, ಚಿಗರಿಯಿಂದಲೇ ಕುರಿಗೆ ರೋಗ ಬಂತು ಅನ್ನೋದು ಒಂದು. ಚಿಗರಿಗೆ ರೋಗವೇ ಇರಲಿಲ್ಲ, ಕುರಿಯವನು ಸುಮ್ನೆ ಪರಿಹಾರಕ್ಕಾಗಿ ಕೂಗಾಡುತ್ತಾನೆ ಅನ್ನೋದು ಇನ್ನೊಂದು. 'ಪ್ರಯೋಗಾಲಯದ ವರದಿ ಬರುವ ತನಕ ಬಾಯಿಮಾತು ನಂಬಬೇಡಿ' ಅಂತ ನೀವು ಡಿಸೆಂಬರ್ ಸಂಚಿಕೆಯಲ್ಲಿ ಬರೆದಿದ್ದಿರಿ. ವರದಿ ಬಂದಿದೆ. ಈಗೇನು ಹೇಳುತ್ತೀರಿ? ನನ್ನ ಕೇಳಿದರೆ ಎಲ್ಲಾ ಚಿಗರಿ ಹಿಡಿದು ಒಮ್ಮೆ ರಕ್ತ ಪರೀಕ್ಷೆ ಮಾಡಿಬಿಟ್ಟರೆ ಜಗಳವೇ ಮುಗಿಯುತ್ತದೆ."

ಮಾಸ್ತರರೇ, ಶರಣು.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಡಿಸೆಂಬರ್‌ನ ಆ ಸಾಲು ನಾನೇ ಬರೆದದ್ದು. ವರದಿ ನಂಬಿ ಅಂದೆ, ಅದನ್ನು ಓದುವುದು ಹೇಗೆ ಅಂತ ಹೇಳಲಿಲ್ಲ. ನೀವು ಕಿವಿ ಹಿಂಡಿದ್ದು ಸರಿಯಾಗೇ ಇದೆ. ಆದರೆ ಪತ್ರದ ಕೊನೆ ಸಾಲಿಗೆ ನಿಮ್ಮ ಕಿವಿಯನ್ನೂ ಸ್ವಲ್ಪ ಹಿಂಡಬೇಕಾಗುತ್ತದೆ, ಬೇಜಾರಾಗಬೇಡಿ.

"ಕಂಡುಬಂದಿಲ್ಲ" ಅನ್ನುವ ಮಾತು ನೋಡಿ. ರೋಗ ಇರಲಿಲ್ಲ ಅಂತ ಅದರಲ್ಲಿ ಎಲ್ಲಿದೆ? ನಮಗೆ ಬಂದ ತುಂಡಿನಲ್ಲಿ, ಅದು ಬಂದ ಸ್ಥಿತಿಯಲ್ಲಿ, ನಾವು ಹುಡುಕಿದ್ದು ಸಿಗಲಿಲ್ಲ ಅಂತ ಅವರು ಹೇಳಿದ್ದಾರೆ. ಹಾಜರಿ ಕೂಗಿದಾಗ 'ಎಸ್ ಸರ್' ಅನ್ನದ ಹುಡುಗ ಊರಲ್ಲೇ ಇಲ್ಲ ಅಂತ ನೀವು ಯಾವತ್ತಾದರೂ ಬರೆದುಕೊಂಡಿದ್ದಿರಾ? ಅವನು ಶಾಲೆಯ ಹಿಂದಿನ ಹುಣಸೆ ಮರದ ಮೇಲೆ ಇರುತ್ತಿದ್ದ ಅಂತ ನಿಮಗೆ ಗೊತ್ತಿತ್ತು.

ಸುಮಾರು ಇಪ್ಪತ್ತು ವರ್ಷದ ಹಿಂದೆ ಹುಮನಾಬಾದ್ ಕಡೆ ಇಂಥದ್ದೇ ಒಂದು ಸತ್ತ ಚಿಗರಿ ನೋಡಲು ಹೋಗಿದ್ದೆ. ಏಪ್ರಿಲ್ ತಿಂಗಳು. ನಾವು ಮುಟ್ಟುವ ಹೊತ್ತಿಗೆ ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು, ಕಣ್ಣಿಗೆ ನೊಣ ಕೂತಿದ್ದವು. ಡಾಕ್ಟರಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಜೊತೆಗಿದ್ದ ಕಂಪೌಂಡರ್ ನಿವೃತ್ತಿಯ ಅಂಚಿನಲ್ಲಿದ್ದರು. ಡಾಕ್ಟರು ಚಾಕು ತೆಗೆದರೆ ಕಂಪೌಂಡರ್ ತಡೆದರು. "ಸರ್, ಮೊದಲು ಕಿವಿಯ ರಕ್ತ ಗಾಜಿನ ಮೇಲೆ ಹಚ್ಚಿ ನೋಡೋಣ. ಮೂಗಲ್ಲಿ ರಕ್ತ ಇದೆ, ಹೆಪ್ಪುಗಟ್ಟಿಲ್ಲ." ನೆರಡಿ ಬೇನೆಯ ಗುಮಾನಿ ಅವರದು, ಅಂದರೆ ಆಂಥ್ರಾಕ್ಸ್. ಅಂಥ ಹೆಣ ಕೊಯ್ದರೆ ರೋಗಾಣು ಗಾಳಿ ಸೋಕಿ ಬೀಜಕಟ್ಟಿ ಮಣ್ಣಿಗೆ ಸೇರುತ್ತದೆ, ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಸದ್ಯ, ನೆರಡಿ ಇರಲಿಲ್ಲ. ಆಮೇಲೆ ಕೊಯ್ದರು.

ತುಂಡುಗಳನ್ನು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಹಾಕಿದರು. ಐಸ್ ಸಿಕ್ಕಿದ್ದು ಕಬ್ಬಿನ ಹಾಲಿನ ಅಂಗಡಿಯಲ್ಲಿ. ಡಬ್ಬಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ರಾತ್ರಿ ಬಸ್ಸಿಗೆ ಹತ್ತಿಸಿದರು. ಮರುದಿನ ಎರಡನೇ ಶನಿವಾರ. ಡಬ್ಬಿ ತೆರೆದದ್ದು ಸೋಮವಾರ. ಅಲ್ಲಿಂದಲೂ ನಿಮಗೆ ಬಂದಂಥದ್ದೇ ವರದಿ ಬಂತು. ಪ್ರಯೋಗಾಲಯದವರು ಸುಳ್ಳು ಹೇಳಿದರಾ? ಇಲ್ಲ. ಅವರಿಗೆ ಸಿಕ್ಕಿದ್ದು ಕೊಳೆತ ಮಾಂಸದ ನೀರು. ಅದರಲ್ಲಿ ಕೊಳೆಸುವ ರೋಗಾಣು ಬೇಕಾದಷ್ಟಿತ್ತು, ಕೊಂದ ರೋಗಾಣು ಅದರ ಕೆಳಗೆ ಮುಚ್ಚಿಹೋಗಿತ್ತು. ಆ ಕಂಪೌಂಡರ್ ಆಮೇಲೆ ನನಗೆ ಒಂದು ಮಾತು ಹೇಳಿದರು. ಗಂಟಲುಬೇನೆಯ ಗುಮಾನಿ ಇದ್ದು ಹೆಣ ಹಳೆಯದಾಗಿದ್ದರೆ ಕಾಲಿನ ಉದ್ದ ಎಲುಬನ್ನು ಇಡಿಯಾಗಿ ಕಳಿಸಬೇಕಂತೆ. ಒಳಗಿನ ಮಜ್ಜೆ ಬೇಗ ಕೆಡುವುದಿಲ್ಲ. ಪುಸ್ತಕದಲ್ಲೂ ಇದೇ ಇದೆ, ನಾನು ನೋಡಿದ್ದೇನೆ. ಅವತ್ತು ಅದು ಯಾರಿಗೂ ನೆನಪಾಗಲಿಲ್ಲ, ಕಂಪೌಂಡರ್‌ಗೂ ನೆನಪಾದದ್ದು ಬಸ್ಸು ಹೋದ ಮೇಲೆ. ಇನ್ನೊಂದು ತಪ್ಪೂ ಆಗುತ್ತಿರುತ್ತದೆ. ಎಲ್ಲವನ್ನೂ ಕೊಳೆಯದಂತೆ ಇಡುವ ಫಾರ್ಮಲಿನ್ ದ್ರಾವಣಕ್ಕೆ ಹಾಕಿ ಕಳಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡಲು ಅದು ಸರಿ. ರೋಗಾಣು ಬೆಳೆಸಿ ನೋಡಬೇಕಾದರೆ ಫಾರ್ಮಲಿನ್ ಅದನ್ನು ಮೊದಲೇ ಕೊಂದಿರುತ್ತದೆ.

ಹಾಗಾಗಿ ವರದಿ ಕೈಗೆ ಬಂದ ಕೂಡಲೇ ಕೊನೆ ಸಾಲು ನೋಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಏನು ತೆಗೆದರು, ಸತ್ತು ಎಷ್ಟು ಹೊತ್ತಿಗೆ ತೆಗೆದರು, ಹೇಗೆ ಕಳಿಸಿದರು, ಯಾವ ರೋಗಕ್ಕೆ ಹುಡುಕಿದರು? ಪಿಪಿಆರ್‌ಗೆ, ಅಂದರೆ ಕುರಿ ಮೇಕೆಗಳ ಒಂದು ವೈರಸ್ ರೋಗಕ್ಕೆ, ಹುಡುಕಿದವರಿಗೆ ಗಂಟಲುಬೇನೆ ಸಿಗುವುದಿಲ್ಲ.

ಕಾಡುಪ್ರಾಣಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಪರೀಕ್ಷೆಗಳಲ್ಲಿ ಬಹುಪಾಲು ದನಕ್ಕೆ, ಕುರಿಗೆ ಅಂತ ಮಾಡಿದವು. ರೋಗದ ವಿರುದ್ಧ ಮೈ ತಾನೇ ಹುಟ್ಟಿಸಿಕೊಳ್ಳುವ ಪ್ರತಿಕಾಯ ರಕ್ತದಲ್ಲಿ ಇದೆಯಾ ಅಂತ ನೋಡುವ ಪರೀಕ್ಷೆ ಎಲೈಸಾ. ಅದರಲ್ಲಿ ಸಾಮಾನ್ಯವಾಗಿ ದನದ ಪ್ರತಿಕಾಯಕ್ಕೆ ಅಂಟುವ ಮದ್ದು ಬಳಸುತ್ತಾರೆ. ಚಿಗರಿಯ ಪ್ರತಿಕಾಯಕ್ಕೆ ಅದು ಅಂಟಬಹುದು, ಅಂಟದೆಯೂ ಇರಬಹುದು. ಎತ್ತಿನ ಮೂಗುದಾರ ಚಿಗರಿಗೆ ಹಾಕಿದ ಹಾಗೆ. ಪ್ರಾಣಿ ಯಾವುದಾದರೂ ನಡೆಯುವಂಥ ಎಲೈಸಾವೂ ಇದೆ, ಆದರೆ ಎಷ್ಟು ಅಂಕಿ ಬಂದರೆ ಪಾಸಿಟಿವ್ ಅನ್ನಬೇಕು ಅಂತ ಚಿಗರಿಗೆ ಬೇರೆಯಾಗಿ ಅಳೆದು ನೋಡಿರಬೇಕು. ಅಂದಹಾಗೆ ಚಿಗರಿ ಜಿಂಕೆಯ ಜಾತಿಯೇ ಅಲ್ಲ. ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಬಿದ್ದು ಹುಟ್ಟುತ್ತದೆ, ಚಿಗರಿಯದು ಬೀಳುವುದಿಲ್ಲ. ಇದನ್ನು ನಿಮಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳಿದೆ.

ನಿಜವಾದ ಜಿಂಕೆಗಳಲ್ಲೂ ಕಥೆ ಇದೇ. ಅಮೆರಿಕದ ಕೊಲರಾಡೊದಲ್ಲಿ 1967ರ ಹೊತ್ತಿಗೆ ಜಿಂಕೆಗಳು ಮೈ ಕರಗಿ, ಜೊಲ್ಲು ಸುರಿಸಿ ಸಾಯುವ ಕಾಯಿಲೆ ಕಾಣಿಸಿತು. ಸಿಡಬ್ಲ್ಯುಡಿ ಅನ್ನುತ್ತಾರೆ, ಹುಚ್ಚು ಹಸು ರೋಗದ ದಾಯಾದಿ. ನಮ್ಮ ದೇಶದಲ್ಲಿ ಅದು ಪತ್ತೆಯಾಗಿಲ್ಲ. ಗಂಟಲ ಹಿಂದಿನ ಗ್ರಂಥಿಯನ್ನೂ ಮೆದುಳಿನ ಬುಡದ ಒಂದು ಚೂರನ್ನೂ ತೆಗೆದು ನೋಡುತ್ತಾರೆ. ಜಿಂಕೆಗೆ ಸೋಂಕು ತಗುಲಿ ಸ್ವಲ್ಪವೇ ದಿನ ಆಗಿದ್ದರೆ ಎರಡರಲ್ಲೂ ಏನೂ ಸಿಗುವುದಿಲ್ಲ. ಯುರೋಪಿನಲ್ಲಿ ಈ ರೋಗ ಮೊದಲು ಸಿಕ್ಕಿದ್ದು 2016ರಲ್ಲಿ, ನಾರ್ವೆಯ ಒಂದು ಹಿಮಸಾರಂಗದಲ್ಲಿ. ಆ ಹಿಂಡನ್ನೇ ಅಳಿಸಿಬಿಡೋಣ ಅಂತ ಸುಮಾರು 2000 ಪ್ರಾಣಿಗಳನ್ನು ಕೊಂದರು. ಪಾಸಿಟಿವ್ ಸಿಕ್ಕಿದ್ದು ಎಲ್ಲಾ ಸೇರಿ 19. ಅದೇ ನಾರ್ವೆಯಲ್ಲಿ ಮೂಸ್ ಅನ್ನುವ ದೊಡ್ಡ ಜಿಂಕೆಗಳಲ್ಲಿ ರೋಗ ಮೆದುಳಿನಲ್ಲಿ ಸಿಕ್ಕಿತು, ಗ್ರಂಥಿಯಲ್ಲಿ ಸಿಗಲಿಲ್ಲ. ಗ್ರಂಥಿ ಮಾತ್ರ ನೋಡಿದ್ದರೆ ಆ ಮೂಸ್‌ಗೂ "ಕಂಡುಬಂದಿಲ್ಲ" ಅಂತ ಬರೆಯುತ್ತಿದ್ದರು.

ಈಗ ನಿಮ್ಮ ಕೊನೆ ಸಾಲಿಗೆ ಬರುತ್ತೇನೆ. ಎಲ್ಲಾ ಚಿಗರಿ ಹಿಡಿಯೋಣ ಅಂದಿರಿ. ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅಟ್ಟಿಸಿಕೊಂಡು ಓಡಿದ ಚಿಗರಿಯ ಸ್ನಾಯು ಒಳಗೇ ಬೆಂದ ಹಾಗಾಗಬಹುದು. ಬಿಟ್ಟ ಮೇಲೆ ಚೆನ್ನಾಗೇ ಓಡಿಹೋಗಿ ಎರಡು ದಿನಕ್ಕೆ ಸಾಯಲೂಬಹುದು. ಕ್ಷಯದ ಚರ್ಮ ಪರೀಕ್ಷೆಯಂತೂ ಇನ್ನೂ ಚಂದ. ಚುಚ್ಚಿ 72 ಗಂಟೆ ಬಿಟ್ಟು ಅದೇ ಪ್ರಾಣಿಯ ಅದೇ ಜಾಗ ಮುಟ್ಟಿ ನೋಡಬೇಕು. ಮೂರು ದಿನ ಬಿಟ್ಟು ವಾಪಸ್ ಬಾ ಅಂತ ಚಿಗರಿಗೆ ಚೀಟಿ ಬರೆದು ಕೊಡುವವರು ಯಾರು?

ಲೆಕ್ಕದ ಮಾಸ್ತರರಿಗೆ ಒಂದು ಲೆಕ್ಕವನ್ನೂ ಕೊಡುತ್ತೇನೆ. 30 ಚಿಗರಿ ಹಿಡಿದಿರಿ, 30ರಲ್ಲೂ ಏನೂ ಇಲ್ಲ. ಆದರೂ ಹಿಂಡಿನ ಹತ್ತರಲ್ಲೊಂದಕ್ಕೆ ರೋಗ ಇರುವ ಸಾಧ್ಯತೆ ಉಳಿದೇ ಇರುತ್ತದೆ. ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತ ಧೈರ್ಯವಾಗಿ ಹೇಳಬೇಕಾದರೆ ಸುಮಾರು 300 ಹಿಡಿಯಬೇಕು. ಇನ್ನು ಉಲ್ಟಾ ಲೆಕ್ಕ. ಸಾವಿರ ಪ್ರಾಣಿಯಲ್ಲಿ ಹತ್ತಕ್ಕೆ ರೋಗ ಇದೆ. ಪರೀಕ್ಷೆ ನೂರಕ್ಕೆ 95 ಸಲ ಸರಿ ಹೇಳುತ್ತದೆ. ಹತ್ತರಲ್ಲಿ ಒಂಬತ್ತೋ ಹತ್ತೋ ಸಿಗುತ್ತವೆ, ಜೊತೆಗೆ ರೋಗವಿಲ್ಲದ 990ರಲ್ಲಿ ಸುಮಾರು 50 ತಪ್ಪಾಗಿ ಪಾಸಿಟಿವ್ ಬರುತ್ತವೆ. ಪಾಸಿಟಿವ್ ಬಂದ ಆರರಲ್ಲಿ ಐದು ನಿರಪರಾಧಿಗಳು. ಆ ಪಟ್ಟಿ ಹಿಡಿದು ನಿಮ್ಮೂರ ಎರಡೂ ಪಾರ್ಟಿಯವರು ಏನು ಮಾಡುತ್ತಾರೆ ಅಂತ ನನಗಿಂತ ನಿಮಗೆ ಜಾಸ್ತಿ ಗೊತ್ತು.

ಪರೀಕ್ಷೆಯಿಂದ ಏನೂ ಉಪಯೋಗ ಇಲ್ಲ ಅಂತ ನಾನು ಹೇಳುತ್ತಿಲ್ಲ. ದನದ ದೊಡ್ಡರೋಗ, ರಿಂಡರ್‌ಪೆಸ್ಟ್, 2011ರಲ್ಲಿ ಲೋಕದಿಂದಲೇ ಹೋಯಿತು ಅಂತ ಸಾರಿದ್ದರ ಹಿಂದೆ ಪ್ರಯೋಗಾಲಯಗಳ ದೊಡ್ಡ ದುಡಿಮೆ ಇದೆ. ಅದರ ಕೊನೆಯ ಪ್ರಕರಣ ಸಿಕ್ಕಿದ್ದು 2001ರಲ್ಲಿ, ಕೆನ್ಯಾದ ಕಾಡೆಮ್ಮೆಗಳಲ್ಲಿ. ದನಕ್ಕೆ ಲಸಿಕೆ ಹಾಕಿದ್ದರೆ ಅದರ ರಕ್ತದ ಪ್ರತಿಕಾಯ ಲಸಿಕೆಯದೋ ರೋಗದ್ದೋ ಗೊತ್ತಾಗುತ್ತಿರಲಿಲ್ಲ. ಕಾಡೆಮ್ಮೆಗೆ ಲಸಿಕೆ ಹಾಕಿದವರು ಯಾರೂ ಇಲ್ಲ, ಅದರ ರಕ್ತ ನಿಜ ಹೇಳುತ್ತಿತ್ತು. ಇಷ್ಟು ಶ್ರೇಯ ಪ್ರಯೋಗಾಲಯದವರಿಗೆ ಸಲ್ಲಬೇಕು. ಆದರೆ ಆಫ್ರಿಕಾದಲ್ಲಿ ರೋಗ ಕೊನೆಗೆ ಎಲ್ಲಿ ಅಡಗಿ ಕೂತಿದೆ ಅಂತ ತೋರಿಸಿಕೊಟ್ಟವರು ದನ ಕಾಯುವವರು. ಡಾಕ್ಟರರು ಅವರ ಜೊತೆ ಕೂತು, ಯಾವ ದನ ಹೇಗೆ ಸತ್ತಿತು, ಯಾವ ತಿಂಗಳು, ಯಾವ ನೀರಿನ ಹತ್ತಿರ ಅಂತ ಕೇಳಿ ಬರೆದುಕೊಂಡರು. ಆಮೇಲೆ ಸೂಜಿ ಹಿಡಿದು ಹೋದರು.

ನಿಮ್ಮೂರ ಕುರಿಗಾಹಿಯನ್ನು ಹೀಗೆ ಕೂರಿಸಿ ಯಾರಾದರೂ ಕೇಳಿದ್ದಾರಾ? ನಾಲ್ಕು ಪುಟದಲ್ಲಿ ನೀವೂ ಅವನ ಮಾತು ಒಂದು ಸಾಲು ಬರೆದಿಲ್ಲ. ಕುರಿ ಮೊದಲು ಸತ್ತವಾ, ಚಿಗರಿ ಮೊದಲಾ? ಕುರಿಗೆ ಭೇದಿ ಇತ್ತಾ, ಮೂಗು ಸುರಿಯುತ್ತಿತ್ತಾ, ಗಂಟಲು ಊದಿತ್ತಾ? ಎಂಟು ಕುರಿಗಳಲ್ಲಿ ಒಂದರ ಸ್ಯಾಂಪಲ್ ಆದರೂ ಹೋಯಿತಾ? ಚಿಗರಿ ಸತ್ತರೆ ಎರಡು ಇಲಾಖೆ ಬರುತ್ತವೆ, ಕುರಿ ಸತ್ತರೆ ಹದ್ದು ಬರುತ್ತದೆ.

ರೋಗ ಚಿಗರಿಯಿಂದಲೇ ಬಂತು ಅಂತ ಊರವರು ಹಿಡಿದಿರುವ ಹಟವೂ ಅಷ್ಟು ಗಟ್ಟಿಯಲ್ಲ. ಮಂಗೋಲಿಯಾದಲ್ಲಿ ಸೈಗಾ ಅನ್ನುವ ಹುಲ್ಲೆ ಇದೆ, ನಮ್ಮ ಚಿಗರಿಯ ದೂರದ ನೆಂಟ. 2016–17ರಲ್ಲಿ ಅದರ ಅರ್ಧಕ್ಕೂ ಹೆಚ್ಚು ಪಿಪಿಆರ್‌ನಿಂದ ಸತ್ತವು. ರೋಗ ಮೊದಲು ಬಂದದ್ದು ಅಲ್ಲಿಯ ಕುರಿ, ಮೇಕೆಗಳಿಗೆ. ಅದಕ್ಕೆ ಒಂದು ವರ್ಷ ಮೊದಲು, 2015ರಲ್ಲಿ ಕಜಕಸ್ತಾನದಲ್ಲಿ ಎರಡು ಲಕ್ಷಕ್ಕೂ ಮೀರಿ ಸೈಗಾಗಳು ಕೆಲವೇ ವಾರದಲ್ಲಿ ಸತ್ತವು. ಕೊಂದದ್ದು ಪಾಶ್ಚುರೆಲ್ಲಾ, ನಮ್ಮ ಗಂಟಲುಬೇನೆಯ ರೋಗಾಣು. ಅದು ಯಾರ ಕಡೆಯಿಂದಲೂ ಬಂದದ್ದಲ್ಲ. ಆರೋಗ್ಯವಂತ ಸೈಗಾಗಳ ಗಂಟಲಲ್ಲೇ ಸುಮ್ಮನಿದ್ದದ್ದು ಬಿಸಿ ಮತ್ತು ತೇವ ಏರಿದಾಗ ಎದ್ದಿತು. ನಿಮ್ಮ ಚಿಗರಿಯ ಗಂಟಲು ಊದಿತ್ತು ಅಂದಿರಿ, ಅದಕ್ಕೇ ಇದನ್ನು ಹೇಳಿದೆ. ಗಂಟಲುಬೇನೆಯೇ ಅಂತ ಇಲ್ಲಿ ಕೂತು ಹೇಳುವ ಧೈರ್ಯ ನನಗಿಲ್ಲ.

ಇನ್ನು ನನ್ನ ಹಳೇ ರಾಗ, ಬೇಕಾದರೆ ಇಲ್ಲಿಂದ ಹಾರಿಸಿ ಓದಿ. ಕಾಗದ ಬಂದರೆ ಕೆಲಸ ಮುಗಿಯಿತು ಅನ್ನುವ ಚಾಳಿ ನಮಗೆ ಎಲ್ಲಾ ಕಡೆ ಹತ್ತಿದೆ. ಕಳೆದ ಮಳೆಗಾಲ ನನಗೆ ಜ್ವರ ಬಂತು. ಒಂದು ಲ್ಯಾಬಿನವರು ವಿಡಾಲ್ ಅನ್ನುವ ರಕ್ತ ಪರೀಕ್ಷೆ ಮಾಡಿ ಟೈಫಾಯ್ಡ್ ಅಂದರು. ಹತ್ತು ದಿನ ಮಾತ್ರೆ ನುಂಗಿದೆ. ಆಮೇಲೆ ಗೊತ್ತಾದದ್ದು ಡೆಂಗಿ. ಹಿಂದೆ ಎಂದೋ ಟೈಫಾಯ್ಡ್ ಆಗಿದ್ದರೂ ಲಸಿಕೆ ಹಾಕಿಸಿಕೊಂಡಿದ್ದರೂ ವಿಡಾಲ್ ಪಾಸಿಟಿವ್ ಬರಬಹುದು ಅಂತ ಯಾರೂ ಹೇಳಲಿಲ್ಲ. ನಮ್ಮ ಪಕ್ಕದ ಹೊಲದವನು ಮಣ್ಣು ಪರೀಕ್ಷೆಗೆ ಕೊಟ್ಟದ್ದು ತಿಪ್ಪೆಯ ಪಕ್ಕದ ಮಣ್ಣು. ಸಾರಜನಕ ಬೇಕಾದಷ್ಟಿದೆ ಅಂತ ಕಾರ್ಡು ಬಂತು. ಅವನ ತೊಗರಿ ನೋಡಿದರೆ ಅಳು ಬರುತ್ತದೆ, ಕಾರ್ಡು ಮಾತ್ರ ದೇವರ ಫೋಟೋದ ಪಕ್ಕದಲ್ಲಿದೆ.

ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಬೀದರ್‌ನಲ್ಲೇ. ಆದರೂ ನಮ್ಮ ಭಾಗದಲ್ಲಿ ಏನಾದರೂ ಸತ್ತರೆ 'ಬೆಂಗಳೂರಿಗೆ ಕಳಿಸಿದ್ದೇವೆ' ಅನ್ನುವ ಮಾತೇ ಇವತ್ತಿಗೂ ಮೊದಲು ಕಿವಿಗೆ ಬೀಳುತ್ತದೆ. ಸುಮಾರು 700 ಕಿಲೋಮೀಟರ್. ಆ ಬಿಸಿಲಲ್ಲಿ ಮನುಷ್ಯನೇ ಕೆಡುತ್ತಾನೆ, ಲಿವರಿನ ತುಂಡು ಉಳಿಯುತ್ತಾ? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಬಂದು ಹತ್ತು ವರ್ಷ ದಾಟಿತು. ಊರೂರಿಗೆ ಸಮುದಾಯ ಭವನ ಬಂತು. ತಾಲೂಕಿಗೊಂದು ಒಳ್ಳೆ ಐಸ್ ಪೆಟ್ಟಿಗೆ, ಅದನ್ನು ಭಾನುವಾರವೂ ಒಯ್ಯುವ ಒಂದು ಜೀಪು ಕೊಡಿ ಅಂತ ಕೇಳಿದವರು ಯಾರು?

ಮಾಸ್ತರರೇ, ನೀವು ಕಳಿಸಿದ ವರದಿಯ ಜೆರಾಕ್ಸ್ ಮೇಜಿನ ಮೇಲಿದೆ. ಎರಡನೇ ಪುಟದಲ್ಲಿ 'ಸ್ಯಾಂಪಲ್ ಬಂದಾಗಿನ ಸ್ಥಿತಿ' ಅಂತ ಒಂದು ಕಾಲಂ ಇದೆ. ಯಾರೋ ಕೈಯಲ್ಲಿ ಎರಡು ಪದ ಬರೆದಿದ್ದಾರೆ, ಜೆರಾಕ್ಸ್‌ನಲ್ಲಿ ಮಸುಕಾಗಿದೆ. ಕನ್ನಡಕ ಬದಲಿಸಿದರೂ ಓದಲಾಗಲಿಲ್ಲ. ಮೂಲ ಪ್ರತಿ ಪಂಚಾಯ್ತಿಯಲ್ಲಿದೆ ಅಂದಿದ್ದಿರಲ್ಲ, ನಾಳೆ ಆ ಕುರಿಗಾಹಿಯನ್ನೂ ಕರೆದುಕೊಂಡು ಹೋಗಿ ಅದರಲ್ಲಿ ಏನಿದೆ ನೋಡಿ, ಒಂದು ಕಾರ್ಡು ಹಾಕಿ.