ಆ ಕೈಗೆ ಸೊನ್ನೆ ಎನ್ನಬೇಡಿ

ಮಾನ್ಯ ಓದುಗರೇ,

ಮೂವತ್ತನಾಲ್ಕು ವರ್ಷ ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದ ನೀವು, ಅರವತ್ತೊಂದನೆಯ ವಯಸ್ಸಿನಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಲು ಹೊರಡುವುದು ‘ಸೊನ್ನೆಯಿಂದ ಶುರು ಮಾಡುವ ಹುಚ್ಚು’ ಆದೀತೇ ಎಂದು ಕೇಳಿದ್ದೀರಿ. ನಿಮ್ಮ ಪತ್ರದಲ್ಲಿ ನಾನು ಒಪ್ಪದಿರುವುದು ಆ ‘ಸೊನ್ನೆ’ ಎಂಬ ಮಾತನ್ನು.

1700ರಲ್ಲಿ ಹುಟ್ಟಿದ ಇಂಗ್ಲೆಂಡಿನ ಮೇರಿ ಡೆಲಾನಿ, ಎರಡನೆಯ ಪತಿಯನ್ನೂ ಕಳೆದುಕೊಂಡ ಮೇಲೆ, 72ರ ಸುಮಾರಿನಲ್ಲಿ, ಬಣ್ಣದ ಕಾಗದವನ್ನು ಚೂರುಚೂರಾಗಿ ಕತ್ತರಿಸಿ ಕಪ್ಪು ಹಾಳೆಯ ಮೇಲೆ ಅಂಟಿಸಿ ಹೂಗಿಡಗಳ ಚಿತ್ರಗಳನ್ನು ಮಾಡತೊಡಗಿದರು. ಹತ್ತು ವರ್ಷಗಳ ಬಳಿಕ ಕಣ್ಣು ಮಂಜಾಗಿ ಕತ್ತರಿ ಕೆಳಗಿಡುವಾಗ ಅಂಥ ಚಿತ್ರಗಳು ಒಂಬೈನೂರನ್ನು ದಾಟಿದ್ದವು. ಅವು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇದನ್ನು ಪವಾಡವೆಂದು ಕರೆಯುವವರು, ಆ ಕೈ ಅದಕ್ಕೂ ಮೊದಲು ದಶಕಗಳ ಕಾಲ ಕಸೂತಿ ಹಾಕಿತ್ತು, ಆ ಕಣ್ಣು ಹೂವಿನ ಎಸಳನ್ನು ಅಷ್ಟೇ ಕಾಲ ನೋಡಿ ಪಳಗಿತ್ತು ಎಂಬುದನ್ನು ಮರೆಯುತ್ತಾರೆ. ‘ಗ್ರ್ಯಾಂಡ್‌ಮಾ ಮೋಸೆಸ್’ ಎಂದು ಹೆಸರಾದ ಅಮೆರಿಕದ ರೈತ ಮಹಿಳೆಯೂ, ಸಂಧಿವಾತದಿಂದ ಸೂಜಿ ಹಿಡಿಯುವುದು ಕಷ್ಟವಾದ್ದರಿಂದಲೇ, ಎಪ್ಪತ್ತು ದಾಟಿದ ಮೇಲೆ ಕುಂಚ ಹಿಡಿದು ಚಿತ್ರಕಲೆಯಲ್ಲಿ ಮುಳುಗಿದರು.

ವಯಸ್ಸಾದಂತೆ ಹೊಸದನ್ನು ಗ್ರಹಿಸುವ ವೇಗ ತಗ್ಗುತ್ತದೆ, ಅದನ್ನು ಮರೆಮಾಚಲಾರೆ. ಆದರೆ ಕೂಡಿಟ್ಟ ತಿಳಿವಳಿಕೆ ಅಷ್ಟು ಬೇಗ ಕರಗುವುದಿಲ್ಲ. ಮೆಟ್ಟಿಲು ಎಲ್ಲಿ ತಿರುಗುತ್ತದೆ, ಕಿಟಕಿಯಿಂದ ಬಂದ ಬೆಳಕು ಯಾವ ಗೋಡೆಯ ಮೇಲೆ ಬೀಳುತ್ತದೆ ಎಂಬುದು ನಿಮಗೆ ಯೋಚಿಸದೆಯೇ ಗೊತ್ತು. ನೀವು ಬರೆದ ಮನೆಯೊಳಗೆ ಮಗುವೊಂದು ಮನಸ್ಸಿನಲ್ಲೇ ಓಡಾಡಬಲ್ಲದು. ನೀವು ಹೊಸದಾಗಿ ಕಲಿಯಬೇಕಾದದ್ದು ಮುಖಭಾವ, ಓಟ, ನಗು. ಅದಕ್ಕಿಂತ ಕಷ್ಟವಾದದ್ದು, ಗೆರೆ ಒಂದಿಷ್ಟು ಅಂಕುಡೊಂಕಾದರೂ ಅಳಿಸದೆ ಬಿಡುವುದು.

ಇಪ್ಪತ್ತರ ಹರೆಯದವರ ನಡುವೆ ವಿದ್ಯಾರ್ಥಿಯಾಗಿ ಕೂರುವ ಸಂಕೋಚದ ಬಗ್ಗೆಯೂ ಬರೆದಿದ್ದೀರಿ. ಅದು ನಿಜವಾದ ನೋವು, ನಾನು ಹಗುರವಾಗಿ ಕಾಣುವುದಿಲ್ಲ. ಹಿರಿಯ ಎನಿಸಿಕೊಂಡು ಬಾಳಿದವರಿಗೆ ತಪ್ಪು ಮಾಡುವ ಹಕ್ಕನ್ನು ಮರಳಿ ಪಡೆಯುವುದೇ ಕಷ್ಟ. ಆದರೂ ಹೋಗಿ ಕುಳಿತುಕೊಳ್ಳಿ. ಹಣದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಈ ಕೆಲಸದ ಸಂಭಾವನೆ ಅನಿಶ್ಚಿತ, ಆದ್ದರಿಂದ ಉಳಿತಾಯಕ್ಕೆ ಕೈ ಹಾಕಬೇಡಿ.

ಸದ್ಯಕ್ಕೆ ಒಂದು ಪುಟ್ಟ ಕಥೆಯನ್ನು ಆರಿಸಿಕೊಂಡು ಆರು ಚಿತ್ರ ಬರೆಯಿರಿ. ಅವುಗಳಲ್ಲಿ ಒಂದು ಮನೆಯಾದರೂ ಸ್ಕೇಲು ಮುಟ್ಟದೆ ಬರೆದದ್ದಾಗಿರಲಿ. ನಮ್ಮ ಕಚೇರಿಗೆ ಕಳುಹಿಸಿದರೆ ನಾನೇ ನೋಡಿ ಉತ್ತರ ಬರೆಯುತ್ತೇನೆ.

— ಸಂಪಾದಕ