ಓದುಗರ ಪ್ರಶ್ನೆ, ನಮ್ಮ ಉತ್ತರ: ರಸಾಯನ ವಿಜ್ಞಾನದಲ್ಲಿ ಕೂಡಿ ದುಡಿದವರಿಗೆ ಮನ್ನಣೆ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ರಸಾಯನ ವಿಜ್ಞಾನದ ಅಧ್ಯಾಪಕ. ಹೈಡ್ರೋಸ್ ಹಾಕದೆ ಬೆಲ್ಲ ತಯಾರಿಸುವ ಬಗ್ಗೆ ನಮ್ಮ ವಿಭಾಗ, ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯ ಮತ್ತು ಬೆಲ್ಲದ ಗಾಣ ನಡೆಸುವ ರೈತರ ಸಂಘ ಕೂಡಿ ಕೆಲಸ ಮಾಡುತ್ತಿವೆ. ಸಂಸ್ಥೆಗಳ ನಡುವಿನ ಇಂತಹ ಸಹಭಾಗಿತ್ವಕ್ಕೆ ವರ್ಷಕ್ಕೊಂದು ಪುರಸ್ಕಾರ ಕೊಡಬೇಕೆಂದು ನಮ್ಮ ಅಧ್ಯಾಪಕರ ವೇದಿಕೆಯಲ್ಲಿ ಮಾತು ನಡೆದಿದೆ. ಆಯ್ಕೆಯ ಅಳತೆಗೋಲು ಏನಿರಬೇಕು? ಪುರಸ್ಕಾರ ಸಂಸ್ಥೆಗಳಿಗೆ ಸಲ್ಲಬೇಕೋ, ವ್ಯಕ್ತಿಗಳಿಗೋ?
(ಒಬ್ಬ ಓದುಗರು, ಬಾಗಲಕೋಟೆ ಜಿಲ್ಲೆ)

ಉತ್ತರ: ತಮ್ಮ ವೇದಿಕೆಯ ಆಲೋಚನೆ ಬಹಳ ಒಳ್ಳೆಯದು. ಅಳತೆಗೋಲನ್ನು ಬೇರೆಲ್ಲಿಯೂ ಹುಡುಕಬೇಕಿಲ್ಲ, ತಮ್ಮ ಬೆಲ್ಲದ ಕೆಲಸದಲ್ಲೇ ಅದು ಇದೆ.

ಹೈಡ್ರೋಸ್ ಎಂದು ಕರೆಯುವ ಸೋಡಿಯಂ ಹೈಡ್ರೋಸಲ್ಫೈಟ್ ಕಬ್ಬಿನ ಹಾಲಿನ ಬಣ್ಣದ ಅಂಶಗಳನ್ನು ಅಪಕರ್ಷಿಸಿ (ಅಂದರೆ ರಾಸಾಯನಿಕವಾಗಿ ಬಣ್ಣಗೆಡಿಸಿ) ಬೆಲ್ಲವನ್ನು ಹಳದಿಯಾಗಿಸುತ್ತದೆ. ಆದರೆ ದಾಸ್ತಾನಿನಲ್ಲಿ ಗಾಳಿ ತಾಗಿದಂತೆ ಆ ಬಣ್ಣ ಮತ್ತೆ ಕಂದುತ್ತದೆ, ಜೊತೆಗೆ ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಉಳಿಯುತ್ತದೆ. ಅದರ ಬದಲು ಬೆಂಡೆ ಗಿಡದ ಕಾಂಡವನ್ನು ಜಜ್ಜಿ ತೆಗೆದ ಲೋಳೆಯನ್ನು ಕೊಪ್ಪರಿಗೆಗೆ ಹಾಕಿದರೆ ತೇಲಾಡುವ ಕಸ ಒಂದಕ್ಕೊಂದು ಅಂಟಿ ನೊರೆಯೊಡನೆ ಮೇಲೆ ಬರುತ್ತದೆ, ಅದನ್ನು ಜರಡಿಯಿಂದ ತೆಗೆಯಬಹುದು. ರಸದ ಹುಳಿ ತಗ್ಗಿಸಲು ಹಾಕುವ ಸುಣ್ಣ ಒಂದಿಷ್ಟು ಹೆಚ್ಚಾದರೂ ಕ್ಷಾರದಲ್ಲಿ ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಒಡೆದು ಬೆಲ್ಲ ಕಪ್ಪಾಗುತ್ತದೆ. ಉಳಿದ ಸಲ್ಫರ್ ಡೈಆಕ್ಸೈಡ್ ಎಷ್ಟೆಂದು ಅಳೆಯುವುದು ಕಾಲೇಜಿನ ಕೆಲಸ. ರಸದ ಬ್ರಿಕ್ಸ್ (ಕರಗಿರುವ ಘನಾಂಶದ ಪ್ರಮಾಣ), ಪಿಎಚ್ (ಹುಳಿ-ಕ್ಷಾರದ ಅಳತೆ) ಮತ್ತು ಸಕ್ಕರೆಯ ಶುದ್ಧತೆಯನ್ನು ನಿತ್ಯ ನೋಡುವ ಉಪಕರಣ ಮತ್ತು ಅಭ್ಯಾಸ ಕಾರ್ಖಾನೆಯ ಪ್ರಯೋಗಾಲಯಕ್ಕಿದೆ. ಕುದಿಯುವ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಕೊಪ್ಪರಿಗೆ ಇಳಿಸುವ ಹದ ಬಂತೆಂದು ಹೇಳುವ ಹಿರಿಯರು ಗಾಣದಲ್ಲಿದ್ದಾರೆ. ಈ ಮೂರರಲ್ಲಿ ಯಾವುದನ್ನು ಕೈಬಿಟ್ಟರೂ ಕೆಲಸ ನಿಲ್ಲುತ್ತದೆ.

ಆದ್ದರಿಂದ ಅರ್ಜಿ ಹಾಕುವ ಪ್ರತಿಯೊಂದು ಸಂಸ್ಥೆಯೂ ಒಂದು ಪ್ರಶ್ನೆಗೆ ಪ್ರತ್ಯೇಕವಾಗಿ, ಮತ್ತೊಬ್ಬರ ಉತ್ತರ ನೋಡದೆ, ಬರೆದು ಕೊಡಲಿ: ಈ ಸಹಭಾಗಿತ್ವದಿಂದಾಗಿ ನಿಮ್ಮ ಕೆಲಸದ ರೀತಿಯಲ್ಲಿ ನೀವು ಏನನ್ನು ಬದಲಿಸಿಕೊಂಡಿರಿ? ಕಾಲೇಜು ತನ್ನ ಪ್ರಯೋಗದ ವೇಳಾಪಟ್ಟಿಯನ್ನು ಕಬ್ಬು ನುರಿಸುವ ಹಂಗಾಮಿಗೆ ಹೊಂದಿಸಿಕೊಂಡಿತೇ, ಗಾಣದವರು ಸುಣ್ಣವನ್ನು ಕೈ ಅಂದಾಜಿನಲ್ಲಿ ಹಾಕುವುದನ್ನು ಬಿಟ್ಟು ಪಿಎಚ್ ಕಾಗದ ನೋಡಿ ಹಾಕತೊಡಗಿದರೇ, ಕಾರ್ಖಾನೆ ತನ್ನ ಉಪಕರಣವನ್ನು ಹೊರಗಿನ ಮಾದರಿಗಳಿಗೆ ಬಿಟ್ಟುಕೊಟ್ಟಿತೇ ಎಂಬುದು ಅದರಿಂದ ತಿಳಿಯುತ್ತದೆ. ಒಬ್ಬರು ಮಾತ್ರ ಬದಲಾಗಿ ಉಳಿದವರು ಇದ್ದಂತೆಯೇ ಇದ್ದರೆ ಅದು ನೆರವು ಅಥವಾ ದಾನ, ಅದಕ್ಕೆ ಬೇರೆ ಗೌರವವಿರಲಿ. ಒಡಂಬಡಿಕೆಗೆ ಸಹಿ ಹಾಕಿದ ದಿನದ ಫೋಟೋವನ್ನು ಸಾಧನೆಯೆಂದು ಎಣಿಸಬಾರದು, ಕನಿಷ್ಠ ಎರಡು ಹಂಗಾಮಿನ ಕೆಲಸ ಮುಗಿದ ಮೇಲೆಯೇ ಅರ್ಜಿ ಸ್ವೀಕರಿಸಬೇಕು. ಫಲ ಕೊಡದ ಪ್ರಯೋಗಗಳ ದಾಖಲೆಯನ್ನೂ ಕೇಳಿ, ಅದನ್ನು ತೋರಿಸಬಲ್ಲವರು ನಿಜವಾಗಿ ಕೆಲಸ ಮಾಡಿದವರು.

ಇನ್ನೊಂದು ಮಾತು. ಹಳದಿ ಬೆಲ್ಲದ ಪೆಂಟೆಗೆ ಮಹಾಲಿಂಗಪುರದಂತಹ ಪೇಟೆಯ ಸವಾಲಿನಲ್ಲಿ (ಹರಾಜಿನಲ್ಲಿ) ಹೆಚ್ಚು ದರ ಕೂಗುತ್ತಿರುವವರೆಗೆ ಗಾಣದವರು ಹೈಡ್ರೋಸ್ ಬಿಡುವುದು ಕಷ್ಟ. ವರ್ತಕರನ್ನೂ ಕೂಡಿಸಿಕೊಂಡ ಸಹಭಾಗಿತ್ವ ಬಂದರೆ ಅದನ್ನು ಮುಂದಿಡಬೇಕೆಂಬುದು ನನ್ನ ಅಭಿಪ್ರಾಯ.

ಪುರಸ್ಕಾರ ಯಾರಿಗೆ ಎಂದು ಕೇಳಿದ್ದೀರಿ. ಫಲಕ ಎಲ್ಲ ಸಂಸ್ಥೆಗಳ ಹೆಸರಿನಲ್ಲಿ ಜಂಟಿಯಾಗಿರಲಿ, ಅದರೊಡನೆ ಓದುವ ಪ್ರಶಸ್ತಿಪತ್ರದಲ್ಲಿ ಪ್ರಯೋಗಾಲಯದ ಸಹಾಯಕರಿಂದ ಹಿಡಿದು ಹದ ನೋಡಿದ ಹಿರಿಯರವರೆಗೆ ಪ್ರತಿಯೊಬ್ಬರ ಹೆಸರೂ, ಅವರು ಮಾಡಿದ್ದೂ ಬರಲಿ. ಹಣವಿದ್ದರೆ ಹಂಚದೆ ಮುಂದಿನ ಹಂಗಾಮಿನ ಪರೀಕ್ಷೆಗಳಿಗೆ ಮೀಸಲಿಡಿ. ತಮ್ಮ ಕಾಲೇಜು ಅರ್ಜಿ ಹಾಕಿದ ವರ್ಷ ತಾವು ಮತ್ತು ತಮ್ಮ ಸಹೋದ್ಯೋಗಿಗಳು ಆಯ್ಕೆ ಸಮಿತಿಯಲ್ಲಿ ಕೂರಬಾರದು. ಈ ನಿಯಮವನ್ನು ಮೊದಲ ಸಭೆಯಲ್ಲೇ ಠರಾವು ಮಾಡಿ.

ಪ್ರಶ್ನೆ: ಅಲ್ಯುಮಿನಾ ಕಾರ್ಖಾನೆಯ ಕೆಂಪು ಕೆಸರನ್ನು ಸಿಮೆಂಟ್ ಕಾರ್ಖಾನೆಗಳು ಬಳಸುವುದನ್ನು ಕೈಗಾರಿಕಾ ಸಹಭಾಗಿತ್ವವೆಂದು ಹೊಗಳುವುದನ್ನು ಕೇಳುತ್ತೇವೆ. ಒಬ್ಬರ ತ್ಯಾಜ್ಯವನ್ನು ಇನ್ನೊಬ್ಬರು ಒಯ್ದರೆ ಅದು ವ್ಯಾಪಾರವಲ್ಲವೇ?
(ಒಬ್ಬ ಓದುಗರು, ಬೆಳಗಾವಿ)

ಉತ್ತರ: ಬರೀ ಲಾರಿ ತುಂಬಿ ಕಳಿಸಿದರೆ ವ್ಯಾಪಾರವೇ ಸರಿ. ಆದರೆ ಈ ಪದಾರ್ಥ ಅಷ್ಟು ಸುಲಭವಾಗಿ ಕೈ ಬದಲಾಗುವಂಥದ್ದಲ್ಲ. ಬಾಕ್ಸೈಟ್ ಅದಿರನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ತೆಗೆದ ಮೇಲೆ, ಒಂದು ಟನ್ ಅಲ್ಯುಮಿನಾಕ್ಕೆ ಸುಮಾರು 1ರಿಂದ 1.5 ಟನ್ನಿನಷ್ಟು ಕೆಂಪು ಕೆಸರು ಉಳಿಯುತ್ತದೆ. ಅದರಲ್ಲಿರುವ ಕಬ್ಬಿಣದ ಆಕ್ಸೈಡ್ ಸಿಮೆಂಟಿಗೆ ಬೇಕು, ಏಕೆಂದರೆ ಗೂಡಿನಲ್ಲಿ ಅದು ದ್ರವವಾಗಿ ಕಚ್ಚಾ ಮಿಶ್ರಣ ಕ್ಲಿಂಕರ್ (ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆ) ಆಗುವುದನ್ನು ಸುಲಭಗೊಳಿಸುತ್ತದೆ. ಅದರಲ್ಲೇ ಉಳಿದ ಸೋಡಾ ಮಾತ್ರ ಬೇಡ, ಕ್ಷಾರ ಹೆಚ್ಚಾದರೆ ಗೂಡಿನ ಮೇಲ್ಭಾಗದಲ್ಲಿ ಗಟ್ಟಿ ಕಟ್ಟುತ್ತದೆ, ಮುಂದೆ ಕಾಂಕ್ರೀಟಿನ ಬಾಳಿಕೆಗೂ ತೊಂದರೆ. ಹೀಗಾಗಿ ಅಲ್ಯುಮಿನಾದವರು ಕೆಸರನ್ನು ತೊಳೆದು, ಫಿಲ್ಟರ್ ಪ್ರೆಸ್‌ನಲ್ಲಿ ಹಿಂಡಿ ಒಣ ಬಿಲ್ಲೆಯಂತೆ ಮಾಡಿ ಕೊಡಬೇಕಾಗುತ್ತದೆ. ಸಿಮೆಂಟಿನವರು ಸುಣ್ಣದಕಲ್ಲು, ಜೇಡಿಯ ಪ್ರಮಾಣವನ್ನು ಹೊಸದಾಗಿ ಲೆಕ್ಕಹಾಕಬೇಕಾಗುತ್ತದೆ. ಎರಡೂ ಕಡೆಯ ಪ್ರಯೋಗಾಲಯಗಳು ಸೋಡಾದ ಮಿತಿಯನ್ನು ಕೂತು ಗೊತ್ತುಮಾಡಿ, ಬಂದ ಪ್ರತಿ ಸರಕಿನ ವಿಶ್ಲೇಷಣೆಯನ್ನು ಪರಸ್ಪರ ಹಂಚಿಕೊಂಡಿದ್ದರೆ ಅದು ಮನ್ನಣೆಗೆ ಪೂರ್ಣ ಅರ್ಹವಾದ ಸಹಭಾಗಿತ್ವ. ಹಣ ಕೈ ಬದಲಾಯಿತೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ನೊಬೆಲ್ ಒಂದು ವಿಷಯಕ್ಕೆ ಮೂವರಿಗಿಂತ ಹೆಚ್ಚು ಜನರಿಗೆ ಸಿಗುವುದಿಲ್ಲ. ಹಲವು ಸಂಸ್ಥೆಗಳು ಕೂಡಿ ಮಾಡಿದ ಕೆಲಸವನ್ನು ಗುರುತಿಸುವ ದೊಡ್ಡ ಪುರಸ್ಕಾರಗಳು ಇವೆಯೇ? ನನ್ನಂಥವರ ಹೆಸರು ಅವುಗಳಲ್ಲಿ ಬರುತ್ತದೆಯೇ?
(ಒಬ್ಬ ಓದುಗರು, ವಿಜಯಪುರ)

ಉತ್ತರ: ಇವೆ, ಹೆಚ್ಚಿನವು ಈಚಿನವು. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ತನ್ನ ಪುರಸ್ಕಾರಗಳನ್ನು 2019ರಲ್ಲಿ ಸ್ವತಂತ್ರ ಪರಿಶೀಲನೆಗೆ ಒಳಪಡಿಸಿ, 2021ರಿಂದ ತಂಡಗಳಿಗಾಗಿಯೇ ಹೊರೈಜನ್ ಪುರಸ್ಕಾರ ಕೊಡುತ್ತಿದೆ. ಅಮೆರಿಕನ್ ಕೆಮಿಕಲ್ ಸೊಸೈಟಿಯಲ್ಲಿ ರಸಾಯನ ವಿಜ್ಞಾನದ ಸಹಭಾಗಿತ್ವಗಳಿಗೆಂದೇ 'ಪಾರ್ಟ್ನರ್ಸ್ ಫಾರ್ ಪ್ರೋಗ್ರೆಸ್ ಅಂಡ್ ಪ್ರಾಸ್ಪೆರಿಟಿ' ಪುರಸ್ಕಾರವಿದೆ. ನಮ್ಮ ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳಲ್ಲಿ 'ವಿಜ್ಞಾನ ಟೀಮ್' ಎಂಬ ವಿಭಾಗವಿದ್ದು, 2024ರಲ್ಲಿ ಅದು ಮೊದಲ ಬಾರಿಗೆ ಚಂದ್ರಯಾನ-3ರ ತಂಡಕ್ಕೆ ಸಂದಿತು.

ಇಂತಹ ಪುರಸ್ಕಾರ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅಮೋನಿಯಾದ ಕಥೆ ಸಾಕು. 1909ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಹನಿಯುವುದನ್ನು ತೋರಿಸಿದಾಗ, ಆ ಅಧಿಕ ಒತ್ತಡದ ಉಪಕರಣವನ್ನು ಕಟ್ಟಿದವರು ರಾಬರ್ಟ್ ಲೆ ರೋಸಿನ್ಯೋಲ್. ದುಬಾರಿ ಆಸ್ಮಿಯಂ ಬದಲು ಕಬ್ಬಿಣದ ವೇಗವರ್ಧಕವನ್ನು ಸಾವಿರಾರು ಪ್ರಯೋಗಗಳಿಂದ ಹುಡುಕಿದ್ದು ಬಿಎಎಸ್ಎಫ್ ಕಂಪನಿಯ ಆಲ್ವಿನ್ ಮಿಟಾಶ್ ಮತ್ತು ಅವರ ಸಂಗಡಿಗರು. 1913ರಲ್ಲಿ ಓಪಾವಿನಲ್ಲಿ ಕಾರ್ಖಾನೆ ಶುರುವಾಯಿತು. ವಿಶ್ವವಿದ್ಯಾಲಯ ಮತ್ತು ಕಂಪನಿ ಕೂಡದೆ ಅಮೋನಿಯಾದಿಂದ ತಯಾರಾಗುವ ಗೊಬ್ಬರ ಜಗತ್ತಿಗೆ ಸಿಗುತ್ತಿರಲಿಲ್ಲ. ನೊಬೆಲ್ ಮಾತ್ರ 1918ರದ್ದು ಹೇಬರ್‌ಗೆ, 1931ರದ್ದು ಬಿಎಎಸ್ಎಫ್‌ನಲ್ಲಿ ಈ ವಿಧಾನವನ್ನು ಕಾರ್ಖಾನೆಯ ಮಟ್ಟಕ್ಕೆ ತಂದ ಕಾರ್ಲ್ ಬಾಷ್‌ಗೆ ಬೇರೊಂದು ಅಧಿಕ ಒತ್ತಡದ ಕೆಲಸ ಮಾಡಿದ ಬರ್ಗಿಯಸ್ ಜೊತೆಗೆ ಸಂದಿತು.

ತಮ್ಮ ಹೆಸರಿನ ವಿಷಯ. ಹೊರೈಜನ್‌ನಂಥವು ತಂಡದಲ್ಲಿರುವ ವಿದ್ಯಾರ್ಥಿಗಳನ್ನೂ ತಂತ್ರಜ್ಞರನ್ನೂ ಹೆಸರಿಸುತ್ತವೆ, ಆದರೆ ಅರ್ಜಿ ಬರೆಯುವವರು ಆ ಹೆಸರು ಕೊಟ್ಟರೆ ಮಾತ್ರ. ಸಂಶೋಧನಾ ಪ್ರಬಂಧಗಳಲ್ಲಿ ಯಾರು ಏನು ಮಾಡಿದರೆಂದು ಗುರುತಿಸಲು 'ಕ್ರೆಡಿಟ್' ಎಂಬ 14 ಪಾತ್ರಗಳ ಪಟ್ಟಿಯನ್ನು ಅನೇಕ ಪತ್ರಿಕೆಗಳು ಬಳಸುತ್ತವೆ; ಮಾದರಿಗಳ ಪರೀಕ್ಷೆ, ದತ್ತಾಂಶವನ್ನು ಕಾಪಿಡುವುದು, ಮೊದಲ ಕರಡು ಬರೆಯುವುದು ಎಲ್ಲಕ್ಕೂ ಅದರಲ್ಲಿ ಸ್ಥಾನವಿದೆ. ಎರಡು ಸಂಸ್ಥೆಗಳು ಕೂಡುವ ಯೋಜನೆಗೆ ತಾವು ಸೇರುವುದಿದ್ದರೆ, ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ತಮ್ಮ ಪಾಲನ್ನು ಕೆಲಸ ಆರಂಭಿಸುವ ವಾರದಲ್ಲೇ ಮಾರ್ಗದರ್ಶಕರ ಒಪ್ಪಿಗೆಯೊಡನೆ ಬರೆದಿಡಿ, ಪ್ರಯೋಗದ ದಿನಚರಿಯ ಪ್ರತಿ ಪುಟಕ್ಕೂ ತಾರೀಖು ಹಾಕಿ ಸಹಿ ಮಾಡಿ.